ಬಿತ್ತದೇ ಬಿಟ್ಟ ಗದ್ದೆಯ ಲೆಕ್ಕ

(ಮಲೆನಾಡಿನ ಸಹಕಾರ ಸಂಘವೊಂದರ ಸಭಾಭವನದಲ್ಲಿ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರೈತರಿಗೆ ಕಾಡುಪ್ರಾಣಿಗಳ ಮೇಲೆ ಎಷ್ಟು ಸಿಟ್ಟಿದೆ ಅಂತ ತಿಳಿಯಲು ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಕಳೆದ ವರ್ಷ ಎಷ್ಟು ಬೆಳೆ ಹೋಯ್ತು? ಎಷ್ಟು ಕ್ವಿಂಟಾಲ್, ಎಷ್ಟು ಮರ, ಎಷ್ಟು ರೂಪಾಯಿ? ಜಾಸ್ತಿ ಹೋಗಿದ್ದರೆ ಸಿಟ್ಟೂ ಜಾಸ್ತಿ, ಕಮ್ಮಿ ಹೋಗಿದ್ದರೆ ಸಿಟ್ಟೂ ಕಮ್ಮಿ ಅನ್ನುವುದು ಅವರ ಅಂದಾಜು. ನಮ್ಮ ಊರುಗಳಲ್ಲಿ ಈ ಅಂದಾಜು ತಾಳೆ ಆಗುವುದಿಲ್ಲ.

ಆನೆ ಮತ್ತು ಹಂದಿಯನ್ನೇ ತಗೊಳ್ಳಿ. ಆನೆ ಒಂದು ರಾತ್ರಿ ಬಂದು ಹೋದರೆ ವರ್ಷದ ಅನ್ನ ಹೋಯಿತು. ಬಾಳೆ ಇದ್ದರೆ ಮಲಗಿಸುತ್ತದೆ. ತೆಂಗಿನ ಸಸಿ ಇದ್ದರೆ ಸುಳಿ ಕಿತ್ತು ತಿನ್ನುತ್ತದೆ. ನೀರಿನ ಪೈಪು ತುಳಿದು ಹಾಕುತ್ತದೆ. ಆದರೂ ಬೆಳಗ್ಗೆ ಗದ್ದೆಗೆ ಹೋಗಿ, ಲದ್ದಿ ನೋಡಿ, ಹೆಜ್ಜೆಯ ಅಗಲ ನೋಡಿ, 'ಗಣಪ ಬಂದು ಹೋಗವ್ನೆ' ಅನ್ನುವವರನ್ನು ಆಲೂರು, ಸಕಲೇಶಪುರದ ಕಡೆ ನಾನು ಕಂಡಿದ್ದೇನೆ. ಅದೇ ಮನುಷ್ಯನ ಗದ್ದೆಯ ಒಂದು ಮೂಲೆಯನ್ನು ಹಂದಿ ಉತ್ತು ಹೋಗಲಿ, ಆಗ ಬರುವ ಬೈಗುಳವನ್ನು ಈ ವೇದಿಕೆಯಲ್ಲಿ ಹೇಳುವ ಹಾಗಿಲ್ಲ.

ಇದಕ್ಕೆ ದೇವರ ಮೇಲಿನ ಭಕ್ತಿ ಕಾರಣ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಆನೆ ಗಣಪತಿ, ಮಂಗ ಹನುಮಂತ, ನವಿಲು ಸುಬ್ರಹ್ಮಣ್ಯನ ವಾಹನ, ಅದಕ್ಕೇ ನಮ್ಮ ರೈತ ಸಹಿಸಿಕೊಳ್ಳುತ್ತಾನೆ ಅಂತ. ಸರಿ, ವರಾಹವೂ ಅವತಾರವೇ ಅಲ್ವಾ? ಅದಕ್ಕೆ ಹೊಲದಲ್ಲಿ ಯಾರೂ ಕೈ ಮುಗಿದದ್ದನ್ನು ನಾನು ನೋಡಿಲ್ಲ. ತುಳುನಾಡಿನಲ್ಲಂತೂ ಹಂದಿಯ ದೈವವೇ ಇದೆ, ಪಂಜುರ್ಲಿ. ಕೋಲ ಕೊಡುತ್ತಾರೆ, ಬೆಳೆ ಕಾಪಾಡು ಅಂತ ಬೇಡುತ್ತಾರೆ. ಅದೇ ಊರಿನ ಬೇಲಿಯಲ್ಲಿ ಹಂದಿಗೆ ಉರುಳೂ ಇರುತ್ತದೆ. ಭಕ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಭಕ್ತಿಯೊಂದರಿಂದಲೇ ಇದನ್ನು ವಿವರಿಸಲು ಆಗುವುದಿಲ್ಲ.

ನನಗೆ ಕಂಡ ವ್ಯತ್ಯಾಸ ಬೇರೆ. ಆನೆ ಬಂದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಇಲಾಖೆಯವರು ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಪೇಪರಿನಲ್ಲಿ ಬರುತ್ತದೆ. ನೆಂಟರು ಫೋನ್ ಮಾಡಿ ವಿಚಾರಿಸುತ್ತಾರೆ. ಹಂದಿ ವಾರದಲ್ಲಿ ನಾಲ್ಕು ರಾತ್ರಿ ಬರುತ್ತದೆ. ಒಂದು ಸಲ ಕೆಸು, ಒಂದು ಸಲ ಗೆಣಸು, ಒಂದು ಸಲ ಹೊಡೆ ಬಂದ ಭತ್ತ. ಯಾರೂ ವಿಚಾರಿಸುವುದಿಲ್ಲ. ಒಂದು ಹೆಣ್ಣು ಹಂದಿ ನಾಲ್ಕು ತಿಂಗಳೊಳಗೆ ಗಬ್ಬ ಮುಗಿಸಿ 4–6 ಮರಿ ಹಾಕುತ್ತದೆ. ಆನೆಯ ಗರ್ಭ 22 ತಿಂಗಳು, ಸಾಮಾನ್ಯವಾಗಿ ಒಂದೇ ಮರಿ. ಮುಂದಿನ ವರ್ಷ ಹಂದಿ ಜಾಸ್ತಿಯೇ ಇರುತ್ತದೆ ಅಂತ ರೈತನಿಗೆ ಗೊತ್ತು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಪ್ರಾಣಿ ತಿಂದದ್ದನ್ನು ಎಲ್ಲರೂ ಎಣಿಸುತ್ತಾರೆ. ರೈತನ ಮನಸ್ಸು ಕಹಿಯಾಗಿರುವುದು ಯಾರೂ ಎಣಿಸದೇ ಬಿಟ್ಟದ್ದರಿಂದ. ನಿದ್ದೆ ಬಿಟ್ಟು ಕಾದ ರಾತ್ರಿಗಳು, ಬಿತ್ತದೇ ಬಿಟ್ಟ ಗದ್ದೆ, ಇನ್ನು ಸಾಕು ಅಂತ ಕೈಬಿಟ್ಟ ಬೆಳೆ.

ಮೊದಲು ಆನೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಎಲ್ಲರಿಗೂ ಒಂದೊಂದು ಗಟ್ಟಿ ಅಭಿಪ್ರಾಯ ಇದೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು. 2017ರಲ್ಲಿ 6,049. ದೇಶದಲ್ಲಿ ಆನೆ ಅತಿ ಹೆಚ್ಚು ಇರುವುದು ನಮ್ಮಲ್ಲೇ. ಅವುಗಳಲ್ಲಿ ಎಲ್ಲವೂ ಬಂಡೀಪುರ, ನಾಗರಹೊಳೆಯಂಥ ಕಾಡಿನಲ್ಲಿ ಇಲ್ಲ. ಕೊಡಗಿನ, ಹಾಸನದ ಕಾಫಿ ತೋಟಗಳಲ್ಲಿ ವರ್ಷಪೂರ್ತಿ ಇರುವ ಆನೆಗಳಿವೆ. ತೋಟದಲ್ಲೇ ಹುಟ್ಟಿ ತೋಟದಲ್ಲೇ ಬೆಳೆದ ಮರಿಗಳಿವೆ. ಅವಕ್ಕೆ ಹಲಸು ಬೇಕು, ಬಾಳೆ ಬೇಕು, ಕೆಳಗಿನ ಗದ್ದೆಯ ಭತ್ತ ಬೇಕು. 'ಕಾಡಿಗೆ ಓಡಿಸಿ' ಅಂದರೆ ಯಾವ ಕಾಡಿಗೆ?

ಹಾಸನದ ವಿಷಯ ಹೈಕೋರ್ಟಿನವರೆಗೂ ಹೋಯಿತು. ಕೋರ್ಟ್ ಹೇಳಿದ ಮೇಲೆ ಪ್ರೊಫೆಸರ್ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ ಒಂದು ಕಾರ್ಯಪಡೆ ಆಯಿತು. 2012ರಲ್ಲಿ ವರದಿ ಕೊಟ್ಟರು. ಎಲ್ಲ ಕಡೆ ಒಂದೇ ನೀತಿ ಬೇಡ ಅಂದರು. ಕೆಲವು ಕಡೆ ಆನೆಗೇ ಆದ್ಯತೆ, ಕೆಲವು ಕಡೆ ಇಬ್ಬರೂ ಹೊಂದಿಕೊಳ್ಳುವುದು, ಆಲೂರಿನಂಥ ಕಡೆಯಿಂದ ಆನೆಗಳನ್ನು ಹಿಡಿದು ಸಾಗಿಸುವುದು. ಅದರಂತೆ 2014ರ ಹೊತ್ತಿಗೆ ಅಲ್ಲಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಸ್ವಲ್ಪ ಕಾಲ ಜನ ನಿದ್ದೆ ಮಾಡಿದರು. ಆಮೇಲೆ ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಭತ್ತ ಅಲ್ಲೇ ಇತ್ತಲ್ಲ.

ಅಲ್ಲಿನ ಜನರ ಮನಸ್ಸು ಅರ್ಥ ಮಾಡಿಕೊಳ್ಳಲು ಅರ್ಜುನನ ಸಾವು ನೆನಪಿಸಿಕೊಳ್ಳಿ. 2012ರಿಂದ 2019ರವರೆಗೆ ಮೈಸೂರು ದಸರಾದಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದ ಜೊತೆ ಕಾದಾಡಿ ಸತ್ತಿತು. ಆನೆ ಕಾಟ ತಾಳಲಾರದೆ ರಸ್ತೆ ತಡೆ ಮಾಡುವ ಊರುಗಳ ಜನವೇ ಅವತ್ತು ಕಣ್ಣೀರು ಹಾಕಿದರು. ಸ್ಮಾರಕ ಬೇಕು ಅಂತ ಕೇಳಿದರು. ಅದೇ ಜನ ಅಲ್ಲಿ ಓಡಾಡುವ ಕಾಡಾನೆಗಳಿಗೆ ಭೀಮ, ಕರಡಿ, ಬೀಟಮ್ಮ ಅಂತ ಹೆಸರಿಟ್ಟು ಕರೆಯುತ್ತಾರೆ. ಯಾವ ಆನೆ ಸಾಧು, ಯಾವುದು ಮುಂಗೋಪಿ ಅಂತ ಮಕ್ಕಳಿಗೂ ಗೊತ್ತು. ಮತ್ತೆ ಅವರೇ ತಾಲ್ಲೂಕು ಕಚೇರಿಗೆ ಹೋಗಿ, 'ನಮ್ಮ ಜಮೀನನ್ನೇ ತಗೊಂಡು ದುಡ್ಡು ಕೊಟ್ಟುಬಿಡಿ, ನಾವೇ ಊರು ಬಿಡ್ತೀವಿ' ಅಂತಲೂ ಹೇಳುತ್ತಾರೆ. ಇಷ್ಟೆಲ್ಲ ಒಟ್ಟಿಗೆ ಇರುವ ಮನುಷ್ಯನಿಗೆ ಪ್ರಶ್ನಾವಳಿ ಕೊಟ್ಟು, 'ಆನೆ ಸಂರಕ್ಷಣೆಗೆ ನಿಮ್ಮ ಬೆಂಬಲ ಇದೆಯೇ? ಹೌದು, ಇಲ್ಲ' ಅಂತ ಕೇಳಿದರೆ ಏನು ಟಿಕ್ ಮಾಡುತ್ತಾನೆ?

ಇನ್ನೊಂದು ಮಾತು ನಮ್ಮವರು ಪದೇ ಪದೇ ಹೇಳುತ್ತಾರೆ. 'ಕಾಡಲ್ಲಿ ತಿನ್ನೋಕೆ ಏನೂ ಇಲ್ಲ, ಅದಕ್ಕೇ ಬರ್ತಾವೆ.' ಇದರಲ್ಲಿ ನಿಜ ಇದೆ. ಬಂಡೀಪುರದ ಕಡೆ ಹುಲ್ಲು ಇರಬೇಕಾದ ಜಾಗದಲ್ಲಿ ಲಂಟಾನ ತುಂಬಿದೆ. ಮಲೆನಾಡಿನಲ್ಲಿ ಹಣ್ಣಿನ ಮರ ಇದ್ದ ಗುಡ್ಡಗಳಲ್ಲಿ ಅಕೇಶಿಯಾ ನಿಂತಿದೆ. ಆದರೆ ಪೂರ್ತಿ ನಿಜ ಅಲ್ಲ. ಸುಕುಮಾರ್ ಅವರು 1980ರ ದಶಕದ ಮೊದಲಲ್ಲಿ ಚಾಮರಾಜನಗರ, ಬಿಳಿಗಿರಿರಂಗನ ಬೆಟ್ಟದ ಸುತ್ತ ಆನೆಗಳ ಹಿಂದೆ ಬಿದ್ದು ಅಧ್ಯಯನ ಮಾಡಿದವರು. ಅವರು ಕಂಡದ್ದು ಏನೆಂದರೆ, ಹೊಲಕ್ಕೆ ನುಗ್ಗುವುದರಲ್ಲಿ ಗಂಡಾನೆಗಳೇ ತುಂಬಾ ಮುಂದೆ. ಕಾಡಿನ ಹುಲ್ಲಿಗಿಂತ ರಾಗಿ, ಭತ್ತದಲ್ಲಿ ಪ್ರೋಟೀನು, ಕ್ಯಾಲ್ಸಿಯಂ, ಸೋಡಿಯಂ ಜಾಸ್ತಿ. ಮೈ ಬೆಳೆಸಿಕೊಂಡ ಸಲಗಕ್ಕೆ ಹೆಣ್ಣಾನೆ ಸಿಗುವ ಸಾಧ್ಯತೆ ಜಾಸ್ತಿ. ಹಾಗಾಗಿ ಪಟಾಕಿ, ಗುಂಡು, ಕರೆಂಟು ಎಲ್ಲದರ ಅಪಾಯ ಇದ್ದರೂ ಅವು ಬರುತ್ತವೆ. ಅಂದರೆ ಕಾಡಿನಲ್ಲಿ ಮೇವು ಇದ್ದರೂ ಒಳ್ಳೆಯ ರಾಗಿಯನ್ನು ಆನೆ ಬಿಟ್ಟುಹೋಗುವುದಿಲ್ಲ. ಕಾಡಿನಲ್ಲಿ ಹಣ್ಣಿನ ಗಿಡ ನೆಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಭಾಷಣ ಮಾಡುವವರು ಇದನ್ನು ಸ್ವಲ್ಪ ಯೋಚಿಸಬೇಕು. ನೆಡಬೇಡಿ ಅಂತ ಹೇಳುತ್ತಿಲ್ಲ, ನೆಡಿ. ಅಷ್ಟಕ್ಕೇ ಹೊಲ ಉಳಿಯುತ್ತದೆ ಅಂತ ನಂಬಿಸಬೇಡಿ.

ಈಗ ನಮ್ಮ ಕಡೆಯ ಮುಖ್ಯ ಗಿರಾಕಿಗೆ ಬರೋಣ. ನಗುತ್ತಿದ್ದೀರಿ, ಅಂದರೆ ಯಾರು ಅಂತ ಗೊತ್ತಾಯಿತು.

ಮಂಗ ಅಡಿಕೆ ತಿನ್ನುವುದು ನೋಡಿದ್ದೀರಲ್ಲ. ಎಳೆ ಕಾಯಿ ಕಚ್ಚುತ್ತದೆ, ಒಳಗಿನ ಸಿಹಿನೀರು ಹೀರುತ್ತದೆ, ಬಿಸಾಕುತ್ತದೆ. ಒಂದು ಕೊನೆಯಲ್ಲಿ ಹತ್ತು ತಿಂದು ನೂರು ಉದುರಿಸುತ್ತದೆ. ಏಲಕ್ಕಿಯ ಸುಳಿ ಕೀಳುತ್ತದೆ. ಎಳನೀರು, ಬಾಳೆ, ಕೋಕೋ, ಪೇರಲೆ, ಕೊನೆಗೆ ಅಂಗಳದ ಬೆಂಡೆಕಾಯಿ. ಇದನ್ನು ಓಡಿಸಲು ನಮ್ಮವರು ಮಾಡದ ಪ್ರಯೋಗ ಇಲ್ಲ. ಗರ್ನಾಲು, ಕವಣೆ, ಏರ್‌ಗನ್ನು, ಹುಲಿಯ ಗೊಂಬೆ. 2019ರಲ್ಲಿ ತೀರ್ಥಹಳ್ಳಿ ಕಡೆ ಒಬ್ಬರು ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟಕ್ಕೆ ಬಿಟ್ಟದ್ದು ದೇಶದ ಪೇಪರುಗಳಲ್ಲೆಲ್ಲ ಬಂತು. ಊರಾಚೆಯವರಿಗೆ ಅದು ತಮಾಷೆ. ತೋಟ ಇರುವವರಿಗೆ ಅದು ನಿಜವಾದ ಉಪಾಯ.

ಮಂಗನ ಜೊತೆ ಮಲೆನಾಡಿಗೆ ಇನ್ನೊಂದು ಸಂಬಂಧವೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಾದ ಮಂಗನ ಕಾಯಿಲೆ ಇವತ್ತಿಗೂ ನಮ್ಮ ಬೇಸಿಗೆಗಳನ್ನು ಹೆದರಿಸುತ್ತಿದೆ. ಮರದ ಮೇಲಿರುವ ಮಂಗ ನಮಗೆ ಕಾಟ. ಮರದ ಕೆಳಗೆ ಸತ್ತು ಬಿದ್ದಿರುವ ಮಂಗ ಅಂದರೆ ಮನೆಮಂದಿಗೆಲ್ಲ ಭಯ. ಹಾಗಾಗಿ 'ಸಾಯಲಿ ಬಿಡಿ' ಅಂತ ಅಷ್ಟು ಸಲೀಸಾಗಿ ಯಾರೂ ಹೇಳುವುದಿಲ್ಲ. ಪೇಟೆಯವರು ಇದನ್ನು ಕರುಣೆ ಅಂತ ತಿಳಿದುಕೊಂಡರೆ ಅದು ಅರ್ಧ ಮಾತ್ರ ಸರಿ.

ಹೊಸನಗರ ತಾಲ್ಲೂಕಿನಲ್ಲಿ ಮಂಕಿ ಪಾರ್ಕ್ ಮಾಡುತ್ತೇವೆ ಅಂತ ಸರ್ಕಾರ ಹೇಳಿದಾಗ ಏನಾಯಿತು ನೆನಪಿದೆಯಲ್ಲ? ಮಂಗನಿಂದ ರೋಸಿಹೋದ ಜನವೇ ವಿರೋಧ ಮಾಡಿದರು. ಬೇರೆ ಊರಿನ ಮಂಗಗಳನ್ನೂ ತಂದು ನಮ್ಮ ತಲೆಮೇಲೆ ಬಿಡುತ್ತಾರೆ ಅನ್ನುವ ಹೆದರಿಕೆ. ಆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಪೇಟೆಯಲ್ಲಿ ಹಿಡಿದ ಮಂಗಗಳನ್ನು ರಾತ್ರಿ ಗಾಡಿಯಲ್ಲಿ ತಂದು ಕಾಡಂಚಿನ ಊರಲ್ಲಿ ಇಳಿಸಿ ಹೋಗುವುದು ಇಲ್ಲಿ ಯಾರಿಗೂ ಹೊಸ ಸುದ್ದಿ ಅಲ್ಲ. ಇತ್ತೀಚೆಗೆ ಊರವರೇ ಗಾಡಿ ತಡೆದು ವಾಪಸು ಕಳಿಸುತ್ತಾರೆ. ಪೇಟೆಯ ನೆಮ್ಮದಿಗೆ ಹಳ್ಳಿ ಬೆಲೆ ತೆರಬೇಕು ಅನ್ನುವುದು ಆ ಗಾಡಿಯಲ್ಲಿ ಕಣ್ಣಿಗೇ ಕಾಣುತ್ತದೆ.

ಅಕೇಶಿಯಾದ್ದೂ ಅದೇ ಕತೆ. ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷದ ಗುತ್ತಿಗೆಗೆ ಕೊಟ್ಟ ಅರಣ್ಯ ಭೂಮಿಯಲ್ಲಿ ಅಕೇಶಿಯಾ, ನೀಲಗಿರಿ ಎದ್ದವು. 2020ರಲ್ಲಿ ಗುತ್ತಿಗೆ ಮುಗಿದಾಗ ಅದನ್ನು ಮುಂದುವರಿಸಬೇಡಿ ಅಂತ ನಮ್ಮ ಜಿಲ್ಲೆಗಳಲ್ಲಿ ದೊಡ್ಡ ಕೂಗು ಎದ್ದಿತು. ಆ ಸಭೆಗಳಲ್ಲಿ ಮಾತಾಡಿದವರು ಪರಿಸರವಾದಿಗಳು ಮಾತ್ರ ಅಲ್ಲ, ಮಂಗನ ಕಾಟ ತಿಂದ ಬೆಳೆಗಾರರೂ ಇದ್ದರು. ನೇರಳೆ, ಹಲಸು, ಹೆಬ್ಬಲಸು, ಬಗಿನೆ ಇರುವ ಕಾಡು ಬೇಕು ಅಂತ ರೈತ ಕೇಳುವುದು ಪ್ರಾಣಿಯ ಮೇಲಿನ ಪ್ರೀತಿಗೋ ತೋಟದ ಮೇಲಿನ ಪ್ರೀತಿಗೋ? ಎರಡನ್ನೂ ಬೇರೆ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಬಯಲುಸೀಮೆಯ ಕತೆ ಇಲ್ಲಿ ಕೂತವರಿಗೆ ಅಷ್ಟು ಪರಿಚಯ ಇರಲಿಕ್ಕಿಲ್ಲ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆ ಅಂತಲೇ 1974ರಲ್ಲಿ ಅಭಯಾರಣ್ಯ ಆಯಿತು, 119 ಚದರ ಕಿಲೋಮೀಟರ್. ಒಳಗೆ ಬಹಳಷ್ಟು ನೀಲಗಿರಿ ತೋಪು. ಚಿಗರಿಗೆ, ಅಂದರೆ ಈ ಕೃಷ್ಣಮೃಗಕ್ಕೆ, ಬೇಕಾದದ್ದು ಬಯಲು ಹುಲ್ಲು. ಅದು ಇರುವುದು ರೈತರ ಹೊಲದ ಬದಿಯಲ್ಲಿ. ಗದಗ, ಕೊಪ್ಪಳದ ಎರೆ ಹೊಲಗಳಲ್ಲಂತೂ ಅಭಯಾರಣ್ಯವೇ ಇಲ್ಲದ ಕಡೆ ಚಿಗರಿ ಹಿಂಡು ಓಡಾಡುತ್ತವೆ. ಅವು ಬರುವುದು ಬೆಳೆ ಮೊಳಕೆಯೊಡೆದಾಗ. ಹೆಸರು, ಶೇಂಗಾ, ಗೋವಿನಜೋಳದ ಎಳೆ ಎಲೆ ತಿಂದು ಮುಗಿಸುತ್ತವೆ. ರೈತ ಮತ್ತೆ ಬಿತ್ತುತ್ತಾನೆ. ಮಳೆ ತಪ್ಪಿದರೆ ಎರಡನೇ ಬಿತ್ತನೆಯೂ ಹೋಯಿತು. ಇಷ್ಟರಲ್ಲಿ ಯಾರಾದರೂ ನೋಡಲು ಬಂದರೆ ಹೊಲದಲ್ಲಿ ಏನು ಕಾಣುತ್ತದೆ? ಬರೀ ಮಣ್ಣು. ಬೆಳೆಯೇ ಇಲ್ಲದ ಕಡೆ ಬೆಳೆ ಹಾನಿ ಬರೆಯುವುದು ಹೇಗೆ? ನವಿಲಿನದ್ದೂ ಇದೇ ಜಾತಿಯ ಕಾಟ. ಬಿತ್ತಿದ ಕಾಳನ್ನೇ ಹೆಕ್ಕಿ ಹೋಗುತ್ತದೆ. ರಾಷ್ಟ್ರಪಕ್ಷಿ ಬೇರೆ, ಕಲ್ಲು ಎಸೆಯಲೂ ಭಯ.

ಹೀಗೆ ನಾವು ಬಿತ್ತದೇ ಬಿಟ್ಟ ಗದ್ದೆಗೆ ಬಂದೆವು. ನಿಮ್ಮ ನಿಮ್ಮ ಊರಲ್ಲಿ ಕಾಡಿಗೆ ತಾಗಿದ ಕೊನೆಯ ಗದ್ದೆಗಳನ್ನು ನೆನಪಿಸಿಕೊಳ್ಳಿ. ಎಷ್ಟರಲ್ಲಿ ಈಗ ನಾಟಿ ಆಗುತ್ತಿದೆ? ಆಳು ಸಿಗುವುದಿಲ್ಲ, ಭತ್ತಕ್ಕೆ ಬೆಲೆ ಇಲ್ಲ, ಮಕ್ಕಳು ಬೆಂಗಳೂರಲ್ಲಿದ್ದಾರೆ. ಎಲ್ಲ ಕಾರಣವೂ ನಿಜ. ಆದರೆ ಮಾಳ ಕಟ್ಟಿ ಗದ್ದೆ ಕಾಯುವವರು ಯಾರು ಅನ್ನುವ ಪ್ರಶ್ನೆ ಬಂದಾಗಲೇ ಎಷ್ಟೋ ಮನೆಗಳಲ್ಲಿ ಭತ್ತ ನಿಂತದ್ದು. ಮೊದಲು ಗೆಣಸು ಹೋಯಿತು. ಆಮೇಲೆ ಕಬ್ಬು, ಅದರ ಜೊತೆ ಆಲೆಮನೆ. ಆಮೇಲೆ ಎರಡನೇ ಬೆಳೆಯ ಉದ್ದು. ಕೊನೆಗೆ ಭತ್ತ. ಗದ್ದೆಗೆ ಮಣ್ಣು ಹಾಕಿ ಅಡಿಕೆ ಇಟ್ಟರು. ಅಡಿಕೆಗೆ ಮಂಗ ಬಂತು.

ಹೆಗ್ಗಡದೇವನಕೋಟೆ, ಹುಣಸೂರು, ಗುಂಡ್ಲುಪೇಟೆ ಕಡೆ ಹೋದರೆ ಇದೇ ಕತೆಯ ಇನ್ನೊಂದು ರೂಪ. ರಾಗಿ, ಜೋಳ, ಅವರೆ ಇದ್ದ ಕಡೆ ಈಗ ಹತ್ತಿ, ಹೊಗೆಸೊಪ್ಪು, ಚೆಂಡುಹೂವು, ಅರಿಶಿನ, ಶುಂಠಿ. ಬೆಲೆ ದೊಡ್ಡ ಕಾರಣ, ಒಪ್ಪುತ್ತೇನೆ. ಆದರೆ ಅಲ್ಲಿನ ರೈತರನ್ನು ಕೇಳಿ ನೋಡಿ, 'ಇದನ್ನ ಆನೆ, ಹಂದಿ ಅಷ್ಟಾಗಿ ಮುಟ್ಟಲ್ಲ' ಅನ್ನುವ ಮಾತು ಬಂದೇ ಬರುತ್ತದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ಬೇಕು. ಸೌದೆಗೆ ಮರ ಬೇಕು. ಪ್ರಾಣಿಗೆ ಹೆದರಿ ರಾಗಿ ಬಿಟ್ಟವನ ಹೊಸ ಬೆಳೆ ಮರವನ್ನೇ ತಿನ್ನುತ್ತದೆ. ಮನೆಯೊಳಗೂ ಒಂದು ಬದಲಾವಣೆ ಆಗಿದೆ. ರಾಗಿ ಬೆಳೆಯುತ್ತಿದ್ದ ಮನೆಯವರು ರಾಗಿ ಕೊಳ್ಳುತ್ತಿದ್ದಾರೆ. ಭತ್ತ ಬೆಳೆಯುತ್ತಿದ್ದವರು ಸೊಸೈಟಿ ಅಕ್ಕಿಗೆ ಕ್ಯೂ ನಿಲ್ಲುತ್ತಾರೆ. ಯಾವ ಮಹಜರಿನಲ್ಲೂ ಇದು ಇಲ್ಲ.

ಕಾಯುವ ಕೆಲಸದ ಬಗ್ಗೆ ಎರಡು ಮಾತು. ರಾಗಿ ತೆನೆ ಬಲಿಯುವುದು ಚಳಿಗಾಲಕ್ಕೆ. ಆಗ ಕತ್ತಲಾದ ಮೇಲೆ ಅಟ್ಟಣೆ ಹತ್ತಿದರೆ ಇಳಿಯುವುದು ಬೆಳಗ್ಗೆ. ಕೈಯಲ್ಲಿ ಟಾರ್ಚು, ಒಂದು ತಗಡಿನ ಡಬ್ಬ, ಪಟಾಕಿ. ಬೆಳಗ್ಗೆ ಎದ್ದವನಿಗೆ ಹಗಲಿನ ಕೆಲಸ ಕಾಯುತ್ತಿರುತ್ತದೆ. ಹಗಲು ಮಂಗ ಕಾಯುವುದು ಹೆಂಗಸರು, ಮುದುಕರು. ಶಾಲೆಗೆ ರಜೆ ಇದ್ದರೆ ಮಕ್ಕಳು, ಕೆಲವೊಮ್ಮೆ ರಜೆ ಇಲ್ಲದಿದ್ದರೂ ಮಕ್ಕಳು. ಈ ದುಡಿಮೆಗೆ ಕೂಲಿ ಹಾಕಿದರೆ ಎಷ್ಟೋ ಕಡೆ ಬೆಳೆಯ ಬೆಲೆಯನ್ನೂ ಮೀರಬಹುದು. ಬೆಳೆ ಉಳಿದರೆ ಪರಿಹಾರ ಇಲ್ಲ, ಸರಿ. ಆದರೆ ಅದು ಉಳಿದದ್ದೇ ಇವರು ನಿದ್ದೆಗೆಟ್ಟಿದ್ದರಿಂದ. ಹಾನಿ ಆಗಿಲ್ಲ ಅಂತ ದಾಖಲೆ ಹೇಳುತ್ತದೆ.

ಪರಿಹಾರದ ವಿಷಯವನ್ನು ಜಾಸ್ತಿ ಎಳೆಯುವುದಿಲ್ಲ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪ್ರಾಣಿ ದಾಳಿಯಿಂದ ಮನುಷ್ಯ ಸತ್ತರೆ ಕೊಡುವ ಮೊತ್ತವನ್ನು ನಮ್ಮ ಸರ್ಕಾರ ಮೊದಲು 7.5 ಲಕ್ಷದಿಂದ 15 ಲಕ್ಷಕ್ಕೆ, ಆಮೇಲೆ 20 ಲಕ್ಷಕ್ಕೆ ಏರಿಸಿತು. ಬೆಳೆ ದರಗಳೂ ಏರಿವೆ. ಅರ್ಜಿ ಈಗ ಆನ್‌ಲೈನ್ ಆಗಿದೆ. ಆದರೆ ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ? ಬಗರ್‌ಹುಕುಂ ಜಮೀನಾದರೆ? ಬೇರೆಯವರ ಗದ್ದೆ ಗೇಣಿಗೆ ಮಾಡಿದ್ದರೆ? ಕಾಡಂಚಿನಲ್ಲಿ ಅತಿ ಬಡವರು ಇರುವುದು ಇಂಥ ಜಮೀನುಗಳಲ್ಲೇ. ಬಂಡೀಪುರ, ನಾಗರಹೊಳೆ ಸುತ್ತ 2015ರಿಂದ ವೈಲ್ಡ್ ಸೇವೆ ಅನ್ನುವ ಯೋಜನೆ ಇದೆ, ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯದ್ದು. ಒಂದು ಉಚಿತ ನಂಬರಿಗೆ ಫೋನ್ ಮಾಡಿದರೆ ಅವರ ಕಡೆಯವರು ಬಂದು ಅರ್ಜಿ ತುಂಬಿಸಿ ಕೊಡುತ್ತಾರೆ. ಸರ್ಕಾರದ ದುಡ್ಡು ಪಡೆಯಲು ಇನ್ನೊಬ್ಬರ ಸಹಾಯ ಬೇಕಾಗುತ್ತದೆ ಅನ್ನುವುದೇ ನಮ್ಮ ವ್ಯವಸ್ಥೆಯ ಬಗ್ಗೆ ಸಾಕಷ್ಟು ಹೇಳುತ್ತದೆ. ಪ್ರಧಾನಮಂತ್ರಿ ಫಸಲ್ ಬಿಮಾದಲ್ಲಿ 2026ರ ಮುಂಗಾರಿನಿಂದ ಕಾಡುಪ್ರಾಣಿ ಹಾನಿಯನ್ನೂ ಸೇರಿಸುವುದಾಗಿ ಕೇಂದ್ರ 2025ರ ನವೆಂಬರಿನಲ್ಲಿ ಹೇಳಿತು. 72 ಗಂಟೆಯೊಳಗೆ ಆ್ಯಪ್‌ನಲ್ಲಿ ಫೋಟೋ ಹಾಕಬೇಕು. ಒಳ್ಳೆಯದೇ. ನೆಟ್‌ವರ್ಕ್ ಸಿಗುವ ಗುಡ್ಡ ಯಾವುದು ಅಂತ ಈಗಲೇ ನೋಡಿಟ್ಟುಕೊಳ್ಳಿ.

ಇನ್ನು ಕಾನೂನು. ಹೊಡೆಯಲು ಬಿಡಬೇಕಾ ಅಂತ ಚೀಟಿ ಬಂದಿದೆ, ಅದಕ್ಕೂ ಇಲ್ಲೇ ಉತ್ತರ ಹೇಳುತ್ತೇನೆ. 1972ರ ವನ್ಯಜೀವಿ ಕಾಯ್ದೆ ಬಂದದ್ದು ಬೇಟೆಯಿಂದ ಪ್ರಾಣಿಗಳು ಮುಗಿದೇ ಹೋಗುವ ಹಂತದಲ್ಲಿ. ಆಗ ಅದು ಬೇಕಿತ್ತು, ಈಗಲೂ ಬೇಕು. ಕಾಯ್ದೆಯ 62ನೇ ಕಲಮಿನಲ್ಲಿ ಕೆಲವು ಪ್ರಾಣಿಗಳನ್ನು ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಪೀಡಕ ಅಂತ ಸಾರುವ ಅಧಿಕಾರ ಕೇಂದ್ರಕ್ಕೆ ಇದೆ. 2015–16ರಲ್ಲಿ ಬಿಹಾರದಲ್ಲಿ ನೀಲ್‌ಗಾಯ್ ಮತ್ತು ಹಂದಿ, ಉತ್ತರಾಖಂಡದಲ್ಲಿ ಹಂದಿ, ಹಿಮಾಚಲದ ಶಿಮ್ಲಾದಲ್ಲಿ ಕೆಂಪುಮೂತಿ ಮಂಗ, ಹೀಗೆ ಸಾರಿದ್ದರು. ಶಿಮ್ಲಾದಲ್ಲಿ ಅನುಮತಿ ಸಿಕ್ಕಿದ ಮೇಲೂ ಮಂಗನಿಗೆ ಗುಂಡು ಹೊಡೆಯಲು ಹೆಚ್ಚಿನವರು ಮುಂದೆ ಬರಲಿಲ್ಲ. ಕೇರಳದಲ್ಲಿ 2022ರಿಂದ ಹಂದಿ ಹೊಡೆಯುವ ಅನುಮತಿ ಕೊಡುವ ಅಧಿಕಾರ ಪಂಚಾಯಿತಿಗಳ ಅಧ್ಯಕ್ಷರ ಕೈಗೆ ಬಂತು. ಅದೇ ವರ್ಷ ಸಂಸತ್ತಿನಲ್ಲಿ ಪಾಸಾದ ತಿದ್ದುಪಡಿಯಿಂದ ನಮ್ಮ ಕಡೆಯ ಮಂಗ ಹುಲಿ, ಆನೆ ಇರುವ ಮೊದಲ ಪಟ್ಟಿಗೇ ಬಡ್ತಿ ಪಡೆಯಿತು! ಪಶ್ಚಿಮ ಘಟ್ಟದ ಪರವಾಗಿ ಜೀವಮಾನ ಮಾತಾಡಿದ ಮಾಧವ ಗಾಡ್ಗೀಳ್ ಅವರೇ ಈ ಕಾಯ್ದೆ ಬದಲಾಗಬೇಕು, ಮಿತಿಯೊಳಗೆ ಬೇಟೆಗೆ ಅವಕಾಶ ಬೇಕು ಅಂತ ವಾದ ಮಾಡಿದ್ದರು. ಅವರನ್ನು ಪ್ರಾಣಿದ್ವೇಷಿ ಅನ್ನಲು ಆಗುತ್ತದಾ?

ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಹಂದಿಯ ವಿಷಯದಲ್ಲಿ ಕೇರಳದ ದಾರಿ ತಪ್ಪಲ್ಲ. ಅನುಮತಿ ಹತ್ತಿರದಲ್ಲೇ ಸಿಗಬೇಕು, ಲೆಕ್ಕ ಇರಬೇಕು, ಹೊಡೆಯುವವರು ತರಬೇತಿ ಪಡೆದವರಾಗಿರಬೇಕು. ನಿಯಮದೊಳಗೆ ದಾರಿ ಇಲ್ಲದಿದ್ದರೆ ಏನಾಗುತ್ತದೆ ಅಂತ ನಾವು ನೋಡುತ್ತಲೇ ಇದ್ದೇವೆ. ಬೆಳೆ ಕಾಯಲು ಲೈಸೆನ್ಸ್ ಇರುವ ಕೋವಿಯನ್ನು ಚುನಾವಣೆ ಬಂತು ಅಂದರೆ ಠಾಣೆಗೆ ಒಪ್ಪಿಸಬೇಕು. ಮಂಗ, ಹಂದಿಗೆ ನೀತಿ ಸಂಹಿತೆ ಇಲ್ಲ. ಆಗ ಕಳ್ಳದಾರಿ ತೆರೆಯುತ್ತದೆ. ಉರುಳಿಗೆ ಚಿರತೆ ಬೀಳುತ್ತದೆ. ಸಿಡಿಮದ್ದು ಕಚ್ಚಿ ಮೇಯಲು ಹೋದ ಹಸುವಿನ ಬಾಯಿ ಒಡೆಯುತ್ತದೆ. ಬೇಲಿಗೆ ನೇರ ಕರೆಂಟು ಕೊಟ್ಟರೆ ಆನೆ ಸಾಯುತ್ತದೆ, ಎಷ್ಟೋ ಸಲ ಪಕ್ಕದ ಮನೆಯ ಮನುಷ್ಯನೇ ಸಾಯುತ್ತಾನೆ. ಇದು ಕೊಲೆ. ರೈತರ ಸಭೆ ಅಂತ ನಾನು ಇದನ್ನು ಮೆದುವಾಗಿ ಹೇಳುವುದಿಲ್ಲ. ಆನೆ, ಚಿಗರಿಯನ್ನು ಹೊಡೆಯುವ ಮಾತಿಗೆ ನಾನು ಒಪ್ಪುವುದಿಲ್ಲ. ಮಂಗಕ್ಕೆ ಸಂತಾನಹರಣ ಮಾಡಿ ಅದೇ ಊರಲ್ಲಿ ಬಿಡುವುದು ನಿಧಾನದ ದಾರಿ, ಹಿಮಾಚಲದಲ್ಲಿ ವರ್ಷಗಟ್ಟಲೆ ಮಾಡುತ್ತಿದ್ದಾರೆ. ಅಲ್ಲೂ ಮಂಗನಿಂದ ಹೊಲ ಪಾಳು ಬಿಟ್ಟವರು ಬಹಳ ಜನ ಇದ್ದಾರೆ ಅನ್ನುವುದನ್ನೂ ಹೇಳಲೇಬೇಕು.

2025ರಲ್ಲಿ ನಡೆದ ಎರಡು ಘಟನೆ ನಿಮಗೆ ನೆನಪಿರಬಹುದು. ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ತಾಯಿ ಹುಲಿ ಮತ್ತು ನಾಲ್ಕು ಮರಿ ಸತ್ತವು. ಹುಲಿಯೇ ಮಾದಪ್ಪನ ವಾಹನ ಆಗಿರುವ ಸೀಮೆ ಅದು. ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಹುಲಿ ಹಿಡಿಯಲು ತಂದ ಬೋನಿನೊಳಗೆ ಊರವರು ಅರಣ್ಯ ಸಿಬ್ಬಂದಿಯನ್ನೇ ಕೂಡಿ ಹಾಕಿದರು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ 'ರೈತರ ಆಕ್ರೋಶ' ಅಂತ ಬರೆದವರಿದ್ದಾರೆ. ಮೊದಲನೆಯದು ಕ್ರೌರ್ಯ. ಎರಡನೆಯದು, ತಪ್ಪೇ ಆದರೂ, ಯಾರ ಮೇಲೆ ಸಿಟ್ಟು ಅನ್ನುವುದನ್ನು ಸ್ಪಷ್ಟವಾಗಿ ಹೇಳುತ್ತದೆ. ಅವರ ಸಿಟ್ಟು ಹುಲಿಯ ಮೇಲಿಗಿಂತ ಕರೆದಾಗ ಬರದವರ ಮೇಲೆ. ಬೋನಿನೊಳಗೆ ಸಿಕ್ಕಿಬಿದ್ದದ್ದು ಮಾತ್ರ ಕಡಿಮೆ ಸಂಬಳಕ್ಕೆ ದುಡಿಯುವ, ಅಂಥದ್ದೇ ಹಳ್ಳಿಗಳಿಂದ ಬಂದ ಕೆಳಹಂತದ ನೌಕರರು.

ಬೇಲಿಗಳ ಬಗ್ಗೆ ಹೇಳದಿದ್ದರೆ ಮಾತು ಅರ್ಧ ಆಗುತ್ತದೆ. ಆನೆ ಕಂದಕ, ಸೋಲಾರ್ ಬೇಲಿ, ತೂಗು ಬೇಲಿ, ಹಳೆ ರೈಲು ಕಂಬಿಯ ಬೇಲಿ, ಕೊಡಗಿನಲ್ಲಿ ಜೇನುಪೆಟ್ಟಿಗೆಯ ಬೇಲಿ ಕೂಡ. ಒಂದೊಂದೂ ಸ್ವಲ್ಪ ಕೆಲಸ ಮಾಡುತ್ತವೆ. ರೈಲು ಕಂಬಿ ಗಟ್ಟಿ, ಆದರೆ 2018ರಲ್ಲಿ ನಾಗರಹೊಳೆಯ ವೀರನಹೊಸಹಳ್ಳಿಯಲ್ಲಿ ಅದನ್ನು ದಾಟಲು ಹೋಗಿ ಸಿಕ್ಕಿಕೊಂಡು ಒಂದು ಆನೆ ಸತ್ತ ಚಿತ್ರ ನೋಡಿದವರಿಗೆ ಮರೆಯಲು ಆಗುವುದಿಲ್ಲ. ನನ್ನ ತಕರಾರು ಬೇರೆ. ಬೇಲಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಪ್ರಾಣಿ ನುಗ್ಗುತ್ತದೆ. ದುಡ್ಡಿರುವ ಎಸ್ಟೇಟು ಬೇಲಿ ಹಾಕಿದರೆ ಪಕ್ಕದ ಎರಡು ಎಕರೆಯವನಿಗೆ ಎರಡು ಪಾಲು ಕಾಟ. ಊರಿನೊಳಗೇ ಜಗಳ ಶುರು. ಬೇಲಿಯನ್ನು ಊರೆಲ್ಲ ಸೇರಿ ಒಂದೇ ಸುತ್ತಾಗಿ ಹಾಕಿದ, ಅದನ್ನು ಸವರಿ ನೋಡಿಕೊಳ್ಳುವ ಪಾಳಿ ಇರುವ ಕಡೆ ಅದು ಬಾಳಿಕೆ ಬರುತ್ತದೆ. ಗುತ್ತಿಗೆದಾರ ಹಾಕಿಹೋದ ಬೇಲಿಯ ಮೇಲೆ ಮುಂದಿನ ಮಳೆಗಾಲಕ್ಕೆ ಬಳ್ಳಿ ಹಬ್ಬಿರುತ್ತದೆ.

ತಮಿಳುನಾಡಿನ ವಾಲ್ಪಾರೈಯ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಒಂದು ಸರಳ ಕೆಲಸ ಮಾಡಿದರು. ಆನೆ ಎಲ್ಲಿದೆ ಅಂತ ಸಂಜೆಯೊಳಗೆ ಜನರ ಮೊಬೈಲಿಗೆ ಮೆಸೇಜು, ಆಯಕಟ್ಟಿನ ಜಾಗಗಳಲ್ಲಿ ಕೆಂಪು ದೀಪ. ಹಾಸನದಲ್ಲೂ ಈ ಬಗೆಯ ಮುನ್ಸೂಚನೆ ಬಂದಿದೆ. ಇದರಿಂದ ಭತ್ತ ಉಳಿಯುವುದಿಲ್ಲ, ಜೀವ ಉಳಿಯುತ್ತದೆ. ಆದರೂ ಜನ ಇದನ್ನು ಮೆಚ್ಚಿದರು. ಇವತ್ತು ರಾತ್ರಿ ಎಲ್ಲಿದೆ ಅಂತ ಗೊತ್ತಿದ್ದರೆ ಸೊಸೈಟಿಗೆ ಹಾಲು ಹಾಕಲು ಯಾವ ದಾರಿಯಲ್ಲಿ ಹೋಗಬೇಕು ಅಂತ ತಾನೇ ತೀರ್ಮಾನ ಮಾಡಬಹುದಲ್ಲ. ಕೈಯಲ್ಲಿ ಏನೂ ಇಲ್ಲ ಅನ್ನುವ ಸ್ಥಿತಿ ಸ್ವಲ್ಪ ಕಮ್ಮಿ ಆಗುತ್ತದೆ.

ಹಾಗಾದರೆ ನೀವು ಏನು ಮಾಡಬೇಕು ಅನ್ನುತ್ತೀರಿ ಅಂತ ಹಿಂದಿನ ಸಾಲಿನವರು ಕೇಳಿದರು. ದೊಡ್ಡ ಯೋಜನೆ ನನ್ನ ಹತ್ತಿರ ಇಲ್ಲ. ಒಂದು ಸಣ್ಣ ಕೆಲಸ ಇದೆ. 2020ರ ಮುಂಗಾರಿನಿಂದ ನಾವೇ ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಮಾಡುತ್ತಿದ್ದೇವೆ. ಸರ್ವೆ ನಂಬರು, ಬೆಳೆ, ಫೋಟೋ. ಪಾಳು ಇದ್ದರೆ ಪಾಳು ಅಂತ ಹಾಕುತ್ತೇವೆ. ಯಾಕೆ ಪಾಳು ಅಂತಲೂ ಅದರ ಪಕ್ಕ ದಾಖಲಾಗಬೇಕು. ನೀರಿಲ್ಲ, ಆಳಿಲ್ಲ, ಹಂದಿ, ಆನೆ, ಮಂಗ. ಮೂರು ವರ್ಷ ಹಾಗೆ ಬರೆದರೆ ಯಾವ ತಾಲ್ಲೂಕಿನಲ್ಲಿ ಎಷ್ಟು ಎಕರೆ ಪ್ರಾಣಿಗೆ ಹೆದರಿ ನಿಂತಿದೆ ಅಂತ ನಕ್ಷೆಯೇ ಸಿಗುತ್ತದೆ.

ಅದಕ್ಕೆ ಒಬ್ಬ ವಿದ್ಯಾರ್ಥಿನಿ ಎದ್ದು, 'ಪಾಳು ಬಿಟ್ಟವರಿಗೆ ದುಡ್ಡು ಕೊಟ್ಟರೆ ಎಲ್ಲರೂ ಪಾಳು ಬಿಡಲ್ವಾ ಸರ್?' ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಪಾಳಿಗೆ ದುಡ್ಡು ಬೇಡ. ಕಾಡಂಚಿನಲ್ಲಿ ಇನ್ನೂ ಭತ್ತ, ರಾಗಿ ಬೆಳೆಯುತ್ತಿರುವವರಿಗೆ ಕಾಯುವ ಖರ್ಚು ಅಂತ ಎಕರೆಗೆ ಇಷ್ಟು ಕೊಡಲಿ, ಪ್ರಾಣಿ ತಿಂದರೂ ತಿನ್ನದಿದ್ದರೂ. ಆದರೆ ಎಷ್ಟು ಜನ ಬೆಳೆಯುತ್ತಿದ್ದಾರೆ, ಎಷ್ಟು ಜನ ಬಿಟ್ಟರು ಅನ್ನುವ ಲೆಕ್ಕ ಇಲ್ಲದೆ ಅದನ್ನು ಕೇಳಲು ಹೋದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸರ್ಕಾರದ ಆ್ಯಪ್ ಬದಲಾಗಲು ಹೊತ್ತು ಹಿಡಿಯುತ್ತದೆ. ಈ ಸಂಘದ ಬೆಳೆ ಸಾಲದ ಅರ್ಜಿಯಲ್ಲಿ ಒಂದು ಕಾಲಂ ಸೇರಿಸಲು ಯಾರ ಅಪ್ಪಣೆಯೂ ಬೇಡ. ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳು ಮುಂದಿನ ಮೀಟಿಂಗಿನಲ್ಲಿ ಇಡುತ್ತೇನೆ ಅಂದರು. ಸದಸ್ಯರಲ್ಲಿ ಇಬ್ಬರು ಅಲ್ಲೇ ತಕರಾರು ತೆಗೆದರು, ಪಾಳು ಅಂತ ಬರೆದುಕೊಟ್ಟರೆ ಸಾಲದ ಮಿತಿ ಕಮ್ಮಿ ಮಾಡುತ್ತಾರೆ ಅಂತ. ಅದು ಸುಳ್ಳು ಹೆದರಿಕೆ ಅಲ್ಲ. ಅದಕ್ಕೊಂದು ದಾರಿ ಹುಡುಕಿಯೇ ಕಾಲಂ ಹಾಕಬೇಕು.